ಪಟ್ಟಿ ಕಂಡರೆ ಸಾಲದು

ಮಾನ್ಯರೇ,
ಮಿದುಳಿನ ಸಂಶೋಧನೆಗೆ ಹೊರಟಿರುವ ಬಳ್ಳಾರಿ ಭಾಗದ ವಿದ್ಯಾರ್ಥಿಗಳಿಗೆ ಈ ಮಾತು. ನರಕೋಶಗಳ ಸುತ್ತಲಿನ ಗ್ಲುಟಮೇಟ್ ಎಂಬ ಸಂದೇಶವಾಹಕ ರಾಸಾಯನಿಕವನ್ನು ಹೀರಿಕೊಳ್ಳುವ ಜಿಎಲ್‌ಟಿ-1 ಪ್ರೋಟೀನನ್ನು ವೆಸ್ಟರ್ನ್ ಬ್ಲಾಟ್‌ನಲ್ಲಿ (ಪ್ರೋಟೀನುಗಳನ್ನು ಜೆಲ್ ಪದರದಲ್ಲಿ ಗಾತ್ರದಂತೆ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ವಿಧಾನ) ನೋಡುವಾಗ ಮಾದರಿಯನ್ನು 95 ಡಿಗ್ರಿಗೆ ಕಾಯಿಸಬೇಡಿ. ಕೋಶಪೊರೆಯ ಪ್ರೋಟೀನಾದ್ದರಿಂದ ಅದು ಒಂದಕ್ಕೊಂದು ಅಂಟಿ ಮುದ್ದೆಯಾಗಿ ಜೆಲ್‌ನ ಮೇಲ್ಭಾಗದಲ್ಲೇ ನಿಲ್ಲುತ್ತದೆ. 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಸಾಕು.

ಈ ಪ್ರೋಟೀನ್ ಇರಬೇಕಾದ 65–70 ಕಿಲೋಡಾಲ್ಟನ್ (ಅಣುತೂಕದ ಅಳತೆ) ಹತ್ತಿರ ಗೆರೆಯಂಥ ಪಟ್ಟಿ ಕಂಡಿತೆಂದು, ಅದನ್ನು ಗುರುತಿಸಲು ಬಳಸಿದ ಪ್ರತಿಕಾಯವನ್ನು ನಂಬಬಾರದು. ಆ ಪ್ರೋಟೀನಿನ ಜೀನ್ ತೆಗೆದ ಇಲಿಯ ಮಿದುಳಿನಲ್ಲಿ ಅದೇ ಪಟ್ಟಿ ಮಾಯವಾಗಬೇಕು. ನಿಜವಾದ ಪರೀಕ್ಷೆ ಅದೇ. ಪ್ರತಿಕಾಯ ತಯಾರಿಸಲು ಬಳಸಿದ ಪೆಪ್ಟೈಡ್ (ಪ್ರೋಟೀನಿನ ತುಣುಕು) ಬೆರೆಸಿ ಅದನ್ನು ತಡೆದು ನೋಡುವುದು ಸಾಲದು, ಏಕೆಂದರೆ ಬೇರೆ ಪ್ರೋಟೀನಿಗೆ ತಪ್ಪಾಗಿ ಅಂಟುವ ಪ್ರತಿಕಾಯವೂ ಆಗ ಸುಮ್ಮನಾಗುತ್ತದೆ.

ನಮ್ಮ ಬೇಸಿಗೆಯಲ್ಲಿ ಕರೆಂಟು ಹೋದಾಗ ಪ್ರತಿಕಾಯ ಇಟ್ಟ ಫ್ರೀಜರ್ ಬಾಗಿಲು ತೆರೆಯಬೇಡಿ. ಪ್ರತಿಕಾಯವನ್ನು 10 ಮೈಕ್ರೋಲೀಟರ್‌ನಂತೆ ಹಂಚಿಡಿ. ಪದೇ ಪದೇ ಕರಗಿ ಹೆಪ್ಪುಗಟ್ಟಿದರೆ ಕೆಡುತ್ತದೆ.

— ಜೀವವಿಜ್ಞಾನ ಅಧ್ಯಾಪಕರು, ಬಳ್ಳಾರಿ