ಬೊಂಬಾಟ್ ಸಮಿತಿಯ ವರದಿ, ಜೊತೆಗೆ ನೀನು ಕೇಳದೇ ಇದ್ದದ್ದು

ಪ್ರಿಯ ಗೆಳೆಯ,

ಹಳೆಯ ಪದಗಳ ಪುನರುದ್ಧಾರ ಸಮಿತಿಯ ಏಕೈಕ ಅಧ್ಯಕ್ಷನಾದ ನಿನಗೆ ಅದರ ಏಕೈಕ ಸದಸ್ಯನ ನಮಸ್ಕಾರ. ‘ಬೊಂಬಾಟ್’ ಪದವನ್ನು ಮತ್ತೆ ದಿನಬಳಕೆಗೆ ತರಬೇಕು, ಅದೂ ತಮಾಷೆಗಲ್ಲ, ಮನಸಾರೆ ಮೆಚ್ಚಿದಾಗಲೇ ಹೇಳಬೇಕು ಎಂದು ಮೈಸೂರಿನಲ್ಲಿ ಕುಳಿತು ನೀನು ಹೊರಡಿಸಿದ ಆಜ್ಞೆಯನ್ನು ಬೆಂಗಳೂರು ಶಾಖೆ ಶಿರಸಾವಹಿಸಿ ಪಾಲಿಸಿದೆ. ವರದಿಯನ್ನು ನಾಲ್ಕು ಜನ ಓದುವ ಜಾಗದಲ್ಲೇ ಹಾಕುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಿದರೆ ತಲುಪಲೇ ಇಲ್ಲ ಎಂದು ಸಾಧಿಸುವವನು ನೀನು.

ಮೊದಲ ಪ್ರಯೋಗ ಕಚೇರಿಯಲ್ಲಿ. ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಿದ್ಧಪಡಿಸಿದ್ದ ಲೆಕ್ಕಪತ್ರ ನಿಜಕ್ಕೂ ಚೆನ್ನಾಗಿತ್ತು. ‘ಬೊಂಬಾಟ್ ಆಗಿದೆಯಮ್ಮ’ ಎಂದೆ. ಅವಳ ಮುಖ ಬಾಡಿತು. ‘ಎಲ್ಲಿ ತಪ್ಪಾಗಿದೆ ಸರ್?’ ಎಂದು ಕೇಳಿದಳು. ಎರಡನೆಯದು ಮನೆಯಲ್ಲಿ. ಮಗ ಬಿಡಿಸಿದ ಚಿತ್ರ ನೋಡಿ ಅದೇ ಮಾತು ಹೇಳಿದೆ. ‘ಅದು ಟಿ.ವಿ.ಯಲ್ಲಿ ಬರುವ ಅಡುಗೆ ಕಾರ್ಯಕ್ರಮವಲ್ಲವೇ ಅಪ್ಪ?’ ಎಂದ.

ಅವನು ಹೇಳಿದ್ದು ಸರಿಯೇ. ಪದ ಸತ್ತಿಲ್ಲ ಕಣಯ್ಯ. ಅಡುಗೆ ಕಾರ್ಯಕ್ರಮದ ಹೆಸರಿನಲ್ಲಿದೆ, 2008ರಲ್ಲಿ ಬಂದ ಒಂದು ಸಿನಿಮಾದ ಹೆಸರಿನಲ್ಲಿದೆ. ಹೆಸರುಗಳಲ್ಲಿ ಉಳಿದು ಬಾಯಿಯಿಂದ ಇಳಿದುಹೋಗಿದೆ. ನಿವೃತ್ತ ಹೆಡ್‌ಮಾಸ್ಟರರನ್ನು ವಾರ್ಷಿಕೋತ್ಸವಕ್ಕೆ ಮಾತ್ರ ಕರೆದು ಶಾಲು ಹೊದಿಸಿ ಕಳಿಸುತ್ತಾರಲ್ಲ, ಹಾಗೆ. ಬೈಗುಳಗಳನ್ನು ನೋಡು, ಅಜ್ಜನ ಕಾಲದವು ಇನ್ನೂ ಗಟ್ಟಿಮುಟ್ಟಾಗಿವೆ. ಮೆಚ್ಚುಗೆಯ ಪದಗಳಿಗೇ ಆಯುಸ್ಸು ಕಡಿಮೆ. ರೈಲಿನ ಡಬ್ಬಿ ಮತ್ತು ಪರೀಕ್ಷೆಯ ಫಲಿತಾಂಶದಿಂದ ಇಳಿದು ಬಂದ ‘ಫಸ್ಟ್ ಕ್ಲಾಸ್’ ಒಂದು ಕಾಲದಲ್ಲಿ ನಮ್ಮ ಕಾಫಿಗೂ ಸಲ್ಲುತ್ತಿತ್ತು, ಅಳಿಯಂದಿರಿಗೂ ಸಲ್ಲುತ್ತಿತ್ತು. ಆಮೇಲೆ ‘ಸೂಪರ್’ ಬಂದು ಎಲ್ಲವನ್ನೂ ನುಂಗಿ ಕುಳಿತಿತು. ಈಗ ಉಪ್ಪಿಟ್ಟೂ ಸೂಪರ್, ಚಂದ್ರಯಾನವೂ ಸೂಪರ್.

ಇಷ್ಟು ವರದಿ. ಇಲ್ಲಿಗೆ ನಿಲ್ಲಿಸಿ ಸಹಿ ಹಾಕಬೇಕೆಂದಿದ್ದೆ.

ಆದರೆ ಮೊನ್ನೆ ಊರಿಗೆ ಹೋಗಿದ್ದೆ. ಅತ್ತಿಗೆ ಮುದ್ದೆಗೆ ಹುರುಳಿಕಾಳಿನ ಬಸ್ಸಾರು ಮಾಡಿದ್ದರು. ಮೂರನೆಯ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು ಎಂದುಕೊಂಡು ತಲೆಯೆತ್ತಿದೆ. ಬಾಯಿಂದ ಬಂದದ್ದು ‘ಪಸಂದಾಗಿದೆ ಅತ್ತಿಗೆ’. ಅವರು ಏನೂ ವಿಶೇಷ ನಡೆದೇ ಇಲ್ಲವೆಂಬ ಹಾಗೆ ಇನ್ನೊಂದು ಸೌಟು ಬಡಿಸಿ ಒಳಗೆ ಹೋದರು. ಅಲ್ಲಿ ಆ ಪದಕ್ಕೆ ಸಮಿತಿಯೂ ಬೇಡ, ಅಧ್ಯಕ್ಷನೂ ಬೇಡ. ದಿನಾ ಬಳಸುತ್ತಿದ್ದಾರೆ. ಬಿಟ್ಟವನು ನಾನೊಬ್ಬನೇ.

ಯಾವಾಗ ಬಿಟ್ಟೆ ಎಂದು ಬಸ್ಸಿನಲ್ಲಿ ಶಿರಾ ದಾಟಿ ಬರುವಾಗ ಯೋಚಿಸಿದೆ. ಯೋಚಿಸುವಂಥದ್ದೇನೂ ಇರಲಿಲ್ಲ, ನೆನಪಿತ್ತು. ನಾನು ಮೈಸೂರಿಗೆ ಬಂದ ಹೊಸತು. ನಜರಬಾದಿನಲ್ಲಿ ದೋಸೆ ತಿನ್ನಲು ನೀವೆಲ್ಲ ಕರೆದುಕೊಂಡು ಹೋಗಿದ್ದಿರಿ. ಬೆಣ್ಣೆ ಕರಗುತ್ತಿದ್ದ ಆ ದೋಸೆಯ ಮೊದಲ ತುತ್ತಿಗೇ ‘ಪಸಂದಾಗಿದೆ’ ಎಂದುಬಿಟ್ಟೆ. ಇಡೀ ಮೇಜು ನಕ್ಕಿತು. ನೀನೂ ನಕ್ಕೆ. ಆ ವರ್ಷವೆಲ್ಲ ನನ್ನ ಹೆಸರು ‘ಪಸಂದು’. ನಿನಗೆ ಮರೆತಿರಬಹುದು. ನೆನಪಿಟ್ಟುಕೊಳ್ಳುವ ಅಗತ್ಯ ನಿನಗಿರಲಿಲ್ಲ.

‘ಬೊಂಬಾಟ್’ ಕಲಿತದ್ದು ಆಮೇಲೆ. ಕಲಿತದ್ದು ಎಂದೇ ಹೇಳುತ್ತಿದ್ದೇನೆ, ಬಂದದ್ದು ಎಂದಲ್ಲ. ಸಂಜೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಒಬ್ಬನೇ ನಡೆಯುತ್ತ, ಹೆಜ್ಜಾರ್ಲೆಗಳಿಗೆ ಮಾತ್ರ ಕೇಳುವ ಹಾಗೆ ಹೇಳಿಕೊಂಡಿದ್ದೇನೆ. ‘ಬೊಂ’ ಎಷ್ಟು ಗಟ್ಟಿ ಇರಬೇಕು, ‘ಬಾ’ ಎಷ್ಟು ಎಳೆಯಬೇಕು, ‘ಟ್’ ಎಷ್ಟು ಚುಟುಕಾಗಿ ಮುಗಿಯಬೇಕು. ಕೃಷ್ಣಮೂರ್ತಿಪುರಂನ ಮನೆಯಲ್ಲಿ ಹುಟ್ಟಿದ ನಿನಗೆ ಅದು ಆಡುತ್ತಾಡುತ್ತ ಬಂದ ಮಾತು. ನೀನು ನಿನ್ನ ಹುಡುಗತನದ ಪದವನ್ನು ವಾಪಸು ತರಲು ಹೊರಟಿದ್ದೀಯೆ. ನಾನೂ ನಿನ್ನದನ್ನೇ ತರುತ್ತಿದ್ದೇನೆ.

ತಮಾಷೆ ಏನು ಗೊತ್ತೇ? ಹಳ್ಳಿಗುಗ್ಗುವಿನ ಪದ ಎಂದು ನೀವು ನಕ್ಕಿರಲ್ಲ, ‘ಪಸಂದ್’ ಪಾರಸಿಯ ಪದ. ನಮ್ಮ ಸೀಮೆಯ ಶಿರಾ ಮೊದಲು ಬಿಜಾಪುರದ ಸುಲ್ತಾನರ ಕೈಯಲ್ಲಿತ್ತು. 1687ರಲ್ಲಿ ಮೊಗಲರು ಹಿಡಿದು ಒಂದು ಸುಬಾದ, ಅಂದರೆ ಪ್ರಾಂತ್ಯದ, ಕೇಂದ್ರವಾಗಿ ಮಾಡಿಕೊಂಡರು. ಅರಮನೆ, ಕೋಟೆ, ದಂಡು, ದಫ್ತರ ಎಲ್ಲ ಇದ್ದ ಊರು. ದೊರೆಗಳು ಹೋದರು, ದರ್ಬಾರಿನ ಪದಗಳು ಕಡಲೆಕಾಯಿ ಹೊಲಗಳಲ್ಲಿ ಉಳಿದುಕೊಂಡವು. ‘ಜಮೀನು’ ಪಾರಸಿ, ‘ತಾಲ್ಲೂಕು’ ಅರಬ್ಬಿ, ‘ರೈತ’ನೂ ಅರಬ್ಬಿ. ಇನ್ನು ನೀವು ಕುಳಿತು ನಕ್ಕ ನಜರಬಾದ್? ಅದೂ ಟಿಪ್ಪುವಿನ ಕಾಲದ ಪಾರಸಿ ಹೆಸರೇ. ನಿಮ್ಮ ‘ಬೊಂಬಾಟ್’ ಯಾವ ಊರಿನದು, ಯಾರ ಮಗ ಎಂದು ಹಾಸ್ಟೆಲಿನಲ್ಲಿ ಯಾರಾದರೂ ಕೇಳಿದರೇ? ಪೇಟೆಯ ಪದಗಳ ಊರುಕೇರಿ ಯಾರೂ ವಿಚಾರಿಸುವುದಿಲ್ಲ.

ಈ ಪಾಂಡಿತ್ಯವೆಲ್ಲ ನಾನು ಕಟ್ಟಿಕೊಂಡ ಬೇಲಿ ಎಂಬುದು ನಿನಗೆ ತಿಳಿಯುತ್ತದೆ. ಆ ಪದಕ್ಕೆ ದರ್ಬಾರಿನ ವಂಶಾವಳಿ ಇಲ್ಲದೇ ಹೋಗಿದ್ದರೂ, ಅದು ನಮ್ಮಮ್ಮನೇ ಕಟ್ಟಿದ ಪದವಾಗಿದ್ದರೂ, ನಾನು ಅದನ್ನು ಬಿಡಬೇಕಾಗಿರಲಿಲ್ಲ. ನನ್ನ ಮಗನಿಗೆ ‘ಪಸಂದು’ ಗೊತ್ತಿಲ್ಲ. ಅವನೆದುರು ನಾನು ಒಮ್ಮೆಯೂ ಆಡಿಲ್ಲ. ಅಣ್ಣ ಬೆಂಗಳೂರಿಗೆ ಬಂದಾಗ ಹೋಟೆಲಿಗೆ ಹೋಗುತ್ತೇವೆ. ಅವನು ತಟ್ಟೆ ನೋಡಿ ಆ ಮಾತನ್ನು ಜೋರಾಗಿ ಹೇಳುತ್ತಾನೆ, ಪಕ್ಕದ ಮೇಜಿನವರಿಗೆ ಕೇಳುವಷ್ಟು. ಆಗ ನಾನು ತಿರುಗಿ ಆ ಮೇಜಿನತ್ತ ನೋಡುತ್ತೇನೆ. ಈಗಲೂ. ತಲೆ ನರೆತ ಮೇಲೂ. ಅಣ್ಣ ಅದನ್ನು ಗಮನಿಸಿದ್ದಾನೆ. ಗಮನಿಸಿದ್ದಾನೆ ಎಂದು ನನಗೆ ಗೊತ್ತು, ಯಾಕೆಂದರೆ ಕಳೆದ ಸಲ ಬಂದಾಗ ಅವನು ‘ಚೆನ್ನಾಗಿದೆ’ ಎಂದ.

ಇದನ್ನು ಬರೆಯುವ ಉದ್ದೇಶವಿರಲಿಲ್ಲ. ಅಳಿಸಬಹುದಿತ್ತು, ಆದರೆ ಮೊಬೈಲಿನಲ್ಲಿ ಇಷ್ಟುದ್ದ ಬೆರಳು ಸವೆಸಿ ಟೈಪು ಮಾಡಿದ್ದನ್ನು ಅಳಿಸುವುದು ನಮ್ಮ ಮನೆತನದ ಜಿಪುಣತನಕ್ಕೆ ಒಗ್ಗುವುದಿಲ್ಲ.

ಓದುತ್ತಿರುವ ಮಹನೀಯರೇ, ದಯವಿಟ್ಟು ಈ ನನ್ನ ಗೆಳೆಯನ ಮೇಲೆ ಹರಿಹಾಯಬೇಡಿ. ಅವನ ನಗು ಇಡೀ ಮೇಜಿನಲ್ಲಿ ಅತ್ಯಂತ ಜೋರಾಗಿತ್ತು, ನಿಜ. ಆದರೆ ಅವನು ಸಾವಿನ ಮನೆಯಲ್ಲೂ ಅಷ್ಟೇ ಜೋರಾಗಿ ನಕ್ಕು ಹೊರಗೆ ಕಳಿಸಿಕೊಂಡವನು. ನನ್ನ ಪರೀಕ್ಷಾ ಶುಲ್ಕ ಕಟ್ಟಲು ತನ್ನ ಸೈಕಲ್ ಮಾರಿದವನೂ ಅವನೇ. ಸೈಕಲ್ ಅವನದಾಗಿರಲಿಲ್ಲ ಎಂಬುದು ಬೇರೆ ವಿಷಯ. ಅದರ ಒಡೆಯರಾದ ಛತ್ರಿ ಸಾಹೇಬರು ಇಂದಿಗೂ ಅದನ್ನು ಕೇಳುತ್ತಿದ್ದಾರೆ.

ಕೊನೆಗೆ ಒಂದು ಆಡಳಿತಾತ್ಮಕ ವಿಷಯ. ಮುಂದಿನ ತಿಂಗಳಿಗೆ ನೀನು ಆರಿಸಿರುವ ‘ಐನಾತಿ’ ಪದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಪೇಟೆಯವರೂ ಹಳ್ಳಿಯವರೂ ಸಮನಾಗಿ ಬೈಸಿಕೊಂಡಿರುವ ಪದ. ಅದರ ಅರ್ಥ ಹೊಸಬರಿಗೆ ವಿವರಿಸುವ ಕಷ್ಟವೂ ಇಲ್ಲ, ನಿನ್ನ ಫೋಟೋ ಹಾಕಿದರೆ ಸಾಕು. ಒಳ್ಳೆಯದೊಂದು ಕಳಿಸು. ಮದುವೆಯ ದಿನದ್ದು ಬೇಡ, ಅದರಲ್ಲಿ ಸಜ್ಜನನ ಹಾಗೆ ಕಾಣುತ್ತೀಯೆ.

ಇತಿ,
ನಿನ್ನವನು