ಈ ದೀಪಾವಳಿಗೆ ಮನೆಯಲ್ಲೇ ಇದ್ದೆ

ಈ ಸಲ ಹಬ್ಬದ ಮೂರೂ ದಿನ ತೀರ್ಥಹಳ್ಳಿಯ ಮನೆಯಲ್ಲೇ ಇದ್ದೆ. ಕೋಣೆಯ ಬಾಗಿಲು ಹಾಕಿಕೊಳ್ಳಲಿಲ್ಲ, ಕಿವಿಗೆ ಹತ್ತಿ ಇಟ್ಟುಕೊಳ್ಳಲಿಲ್ಲ. ಗೋಪೂಜೆಗೆ ಅಡಿಕೆ, ಚೆಂಡುಹೂ ಪೋಣಿಸಿ ದನಗಳ ಕೊರಳಿಗೆ ಕಟ್ಟಿದೆ. ಕೇರಿಯ ಹುಡುಗರು ಪಟಾಕಿ ಹೊಡೆಯುವಾಗ ಅಂಗಳದಲ್ಲೇ ನಿಂತಿದ್ದೆ. ಎದೆ ಹೊಡೆದುಕೊಂಡಿತು, ಸುಳ್ಳು ಹೇಳುವುದಿಲ್ಲ. ಆದರೆ ನಿಂತಿದ್ದೆ.

ಸೈನ್ಯದಿಂದ ಬಂದ ಮೇಲೆ ದೊಡ್ಡ ಸದ್ದಾದರೆ ಸಾಕು, ನನ್ನ ತಲೆ ಹಳೇ ಜಾಗಕ್ಕೆ ಓಡುತ್ತಿತ್ತು. ಅದನ್ನೆಲ್ಲ ಇಲ್ಲಿ ಮತ್ತೆ ಬರೆಯುವುದಿಲ್ಲ. ನಿಮಗೆಲ್ಲ ಗೊತ್ತಿರುವುದೇ. ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು, ಅದಕ್ಕೆ ಕೂತಿದ್ದೇನೆ.

ಮೊದಲು ಸೋದರತ್ತೆಗೆ. ಅಪ್ಪನ ತಂಗಿ. ಹಿಂದಿನ ಕೊಯ್ಲಿನ ಹೊತ್ತಿಗೆ ಅವಳು ಅಡಿಕೆ ಸುಲಿಯಲು ನಮ್ಮನೆಗೆ ಬಂದಿದ್ದಳು. ಕೊನೆ (ಅಡಿಕೆ ಗೊನೆ) ಇಳಿಸಿದ ಮೇಲೆ ಕಾಯಿಯನ್ನು ಇಟ್ಟುಕೊಂಡು ಕೂರುವ ಹಾಗಿಲ್ಲ, ಬೇಗ ಸುಲಿದು ಬೇಯಿಸಬೇಕು. ಹಾಗಾಗಿ ಚಪ್ಪರದಲ್ಲಿ ರಾತ್ರಿ ತುಂಬಾ ಹೊತ್ತಿನ ತನಕ ಕೆಲಸ ನಡೆಯುತ್ತದೆ. ಆವತ್ತು ಯಾರದೋ ತೋಟದಲ್ಲಿ ಹಂದಿ ಓಡಿಸಲು ಗರ್ನಾಲು ಪಟಾಕಿ ಹೊಡೆದರು. ಅವರದ್ದೇನೂ ತಪ್ಪಿಲ್ಲ, ಬೆಳೆ ಉಳಿಯಬೇಕಲ್ವಾ. ನನಗೆ ಮೈಮೇಲೆ ಎಚ್ಚರ ಬರುವಾಗ ಅಡಿಕೆ ರಾಶಿಯ ಹಿಂದೆ ಬೋರಲಾಗಿ ಮಲಗಿದ್ದೆ. ಸುಲಿಯುವವರೆಲ್ಲ ಕೈ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

ಅತ್ತೆ ಮಾತ್ರ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಹೊತ್ತಾತು, ನೀವೆಲ್ಲ ಮನೆಗೆ ಹೋಗಿ" ಅಂತ ಉಳಿದವರನ್ನು ಕಳಿಸಿದಳು. ಆಮೇಲೆ ನನಗೆ, "ತಮ್ಮಾ, ಬಾ ಇಲ್ಲಿ, ಕೂತ್ಕ. ಹಣ್ಣಾಗಿದ್ದು ಬೇರೆ ತೆಗಿ. ಅದು ಗೋಟಿಗೆ" ಅಂದಳು. ಗೋಟು ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ.

ಪಕ್ಕದಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿಗಳು ಖಾಲಿ ಇದ್ದವು. ಒಂದನ್ನೂ ನನಗೆ ಕೊಡಲಿಲ್ಲ. ಎಲ್ಲವನ್ನೂ ಎತ್ತಿ ತನ್ನ ಬೆನ್ನ ಹಿಂದೆ ಇಟ್ಟುಕೊಂಡು ಕೂತಳು. ಯಾಕೆ ಅಂತ ನನಗೆ ಗೊತ್ತಿತ್ತು. ನನಗೆ ಗೊತ್ತಾಗಿದೆ ಅಂತ ಅವಳಿಗೂ ಗೊತ್ತಿತ್ತು. ಆ ರಾತ್ರಿ ಇನ್ನು ಸಾಕು ಅನ್ನಿಸಿಬಿಟ್ಟಿತ್ತು ನನಗೆ. ಇದನ್ನು ಇಷ್ಟು ದಿನ ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಬೆಳಗಿನವರೆಗೆ ಅವಳು ಒಂದು ಪ್ರಶ್ನೆ ಕೇಳಲಿಲ್ಲ. ಏನಾಯ್ತು, ಯಾರನ್ನು ನೆನೆಸಿಕೊಂಡೆ, ಯಾಕೆ ಅಳ್ತೀಯ, ಯಾವುದೂ ಇಲ್ಲ. ಎಳೆಯದು ಈ ಬುಟ್ಟಿಗೆ, ಬಲಿತದ್ದು ಆ ಬುಟ್ಟಿಗೆ, ಅಷ್ಟೇ ಮಾತು. ನಡುವೆ ಎದ್ದು ಕಾಫಿ ಕಾಸಲು ಹೋದಾಗಲೂ "ಬಾ, ಒಲೆಗೆ ಕಟ್ಟಿಗೆ ಹಾಕು" ಅಂತ ಕರೆದುಕೊಂಡೇ ಹೋದಳು. ಯೂನಿಟ್‌ನಲ್ಲಿ ನಮ್ಮನ್ನು ಜೋಡಿ ಜೋಡಿಯಾಗಿ ಇಡುತ್ತಿದ್ದರು. ಜೊತೆಗಾರನಿಗೆ ಇಂಗ್ಲಿಷಿನಲ್ಲಿ 'ಬಡ್ಡಿ' (buddy) ಅನ್ನುತ್ತಿದ್ದೆವು. ಒಬ್ಬನ ಮೇಲೆ ಇನ್ನೊಬ್ಬನ ಕಣ್ಣು ಇರಬೇಕು. ಅತ್ತೆಗೆ ಇದನ್ನು ಯಾರೂ ಕಲಿಸಿರಲಿಲ್ಲ. ಬೆಳಗ್ಗೆ ಹಂಡೆಗೆ ಬೆಂಕಿ ಹಾಕಿ, ಚೊಗರಿನಲ್ಲಿ (ಹಿಂದೆ ಅಡಿಕೆ ಬೇಯಿಸಿದ ಕೆಂಪು ನೀರು) ಅಡಿಕೆ ಬೇಯಲು ಬಿಟ್ಟು, ಸೀರೆಗೆ ಕೈ ಒರೆಸಿಕೊಂಡು, "ಇವತ್ತು ಶಿವಮೊಗ್ಗಕ್ಕೆ ಹೋಗಿ ಡಾಕ್ಟ್ರಿಗೆ ತೋರ್ಸು. ನಾನೂ ಬರ್ತೀನಿ" ಅಂದಳು. ಬಸ್ಸಿನಲ್ಲಿ ಮಂಡಗದ್ದೆ ದಾಟುವ ಮೊದಲೇ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು, ಪಾಪ.

ಆಮೇಲಿನದ್ದು ದೊಡ್ಡ ಕಥೆಯೇನಲ್ಲ. ಸಣ್ಣಪುಟ್ಟ ರೂಢಿಗಳು.

ಹೊಸನಗರದ ಸುಬೇದಾರ್ ಸಾಹೇಬರು ನಮ್ಮ ಹಳೇ ಪಡೆಯವರ ವಾಟ್ಸಾಪ್ ಗುಂಪಿನಲ್ಲಿ ಒಂದು ಪದ್ಧತಿ ಇಟ್ಟಿದ್ದಾರೆ. ಎದ್ದ ಕೂಡಲೇ ಎಲ್ಲರೂ "ಹಾಜರ್" ಅಂತ ಹಾಕಬೇಕು. ಸುವಿಚಾರ, ಹೂವಿನ ಚಿತ್ರ, ರಾಜಕೀಯ ಯಾವುದೂ ಬೇಡ. ತಿಂಡಿ ಹೊತ್ತಾದರೂ ಯಾರದಾದರೂ ಬಾರದಿದ್ದರೆ ಅವರಿಗೆ ಫೋನ್ ಹೋಗುತ್ತದೆ. "ರಿಟೈರ್ ಆದವನಿಗೆ ರೋಲ್ ಕಾಲ್ ಇಲ್ಲ ಕಣಪ್ಪ, ಅಲ್ಲೇ ಕೆಡೋದು" ಅನ್ನುತ್ತಾರೆ ಅವರು. ಹಾಜರಿ ಹಾಕಬೇಕಲ್ಲ ಅಂತ ಎದ್ದ ದಿನಗಳು ನನಗಿವೆ. ಎದ್ದ ಮೇಲೆ ಕಂಬಳಿ ಮಡಚಬೇಕು, ಶೇವ್ ಮಾಡಬೇಕು. ಯಾರೂ ತಪಾಸಣೆಗೆ ಬರುವುದಿಲ್ಲ, ಆದರೂ.

ಶಿವಮೊಗ್ಗದ ಆಪ್ತಸಮಾಲೋಚಕಿ ಮೇಡಂ ಒಂದು ಎಣಿಕೆ ಹೇಳಿಕೊಟ್ಟರು. ತಲೆ ಹಳೇ ಜಾಗಕ್ಕೆ ಓಡಿದಾಗ ಕಾಣುವ ಐದು ವಸ್ತು, ಮುಟ್ಟಬಹುದಾದ ನಾಲ್ಕು, ಕೇಳುವ ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಗುರುತಿಸಬೇಕು. ಮೊದಲು ಮಕ್ಕಳಾಟ ಅನ್ನಿಸಿತು. ಈ ಹಬ್ಬದಲ್ಲಿ ಅಂಗಳದಲ್ಲಿ ನಿಂತು ಅದನ್ನೇ ಮಾಡಿದ್ದು. ಉಸಿರು ನಿಧಾನಕ್ಕೆ ಹೊರಗೆ ಬಿಡುವುದನ್ನು ಮಾತ್ರ ಅವರು ಕಲಿಸಬೇಕಾಗಿರಲಿಲ್ಲ. ಫೈರಿಂಗ್ ರೇಂಜ್‌ನಲ್ಲೇ ಕಲಿತಿದ್ದೆ.

ಕ್ಯಾಂಟೀನ್ ರಮ್ ಈಗ ತರುವುದಿಲ್ಲ. ಕುಡಿದರೆ ಬೇಗ ನಿದ್ದೆ ಬರುತ್ತದೆ, ನಿಜ. ಆದರೆ ನಡುರಾತ್ರಿ ಎಚ್ಚರವಾದರೆ ಮುಗಿಯಿತು, ಕೆಟ್ಟ ಕನಸೂ ಜಾಸ್ತಿ.

ಮಳೆಗಾಲ ಈಗಲೂ ಕಷ್ಟವೇ. ಪುನರ್ವಸು, ಪುಷ್ಯ ಮಳೆ ಹಿಡಿದರೆ ವಾಕಿಂಗ್ ಇಲ್ಲ, ಬಿಸಿಲಿಲ್ಲ, ಕರೆಂಟೂ ಇಲ್ಲ. ಅದಕ್ಕೇ ಅಡಿಕೆಯ ಕೊಳೆರೋಗದ ಔಷಧಿ ಕದಡುವ ಕೆಲಸ ನನ್ನದು ಅಂತ ಹಟ ಹಿಡಿದು ತೆಗೆದುಕೊಂಡೆ. ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಕತ್ತಿ ಅದ್ದಿ ನೋಡಿದಾಗ ಕೆಂಪು ಬಣ್ಣ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಇಷ್ಟು ಲೆಕ್ಕ ಇರುವಾಗ ತಲೆ ಬೇರೆ ಕಡೆ ಹೋಗುವುದಿಲ್ಲ.

ಹೆಂಡತಿ, ಮಗಳು, ಮಾತ್ರೆ ಬರೆದುಕೊಟ್ಟ ಡಾಕ್ಟರು, ತೋಟ ನೋಡಿಕೊಂಡ ಭಾವ, ಗರ್ನಾಲು ಹೊಡೆಯುವ ಮೊದಲು ಈಗ ಫೋನ್ ಮಾಡಿ ಹೇಳುವ ಆಚೆಮನೆಯವರು, ಎಲ್ಲರ ಋಣವೂ ಇದೆ. ಹೆಂಡತಿಗೆ ಒಂದೇ ಸಾಲು ಬರೆದಿದ್ದಕ್ಕೆ ಮನೆಯಲ್ಲಿ ವಿಚಾರಣೆ ಆಗುತ್ತದೆ, ಆಗಲಿ. ಅವಳಿಗೆ ಹೇಳುವುದನ್ನು ಅವಳಿಗೇ ಹೇಳುತ್ತೇನೆ.

ನನ್ನ ಹಾಗೆ ಸೈನ್ಯದಿಂದ ಬಂದವರಿಗೆ ಒಂದು ಮಾತು. ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಬರೀ ಬಿಪಿ, ಶುಗರ್ ಮಾತ್ರೆಗಲ್ಲ. ಅದರಲ್ಲೇ ಮನೋವೈದ್ಯರ ಹತ್ತಿರವೂ ಕಳಿಸುತ್ತಾರೆ. ರಾತ್ರಿ ಹೊತ್ತು ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. 2022ರಲ್ಲಿ ಸರ್ಕಾರ ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡಿಲ್ಲ, ಯಾವ ಹೊತ್ತಿಗಾದರೂ ಸರಿ, ಕನ್ನಡದಲ್ಲೇ ಮಾತಾಡಬಹುದು.

ನಮ್ಮಲ್ಲಿ ಕೊನೆ ಕೊಯ್ಲು ಶುರುವಾಗಿದೆ. ಅತ್ತೆ ನಾಳೆ ಬರುತ್ತಾಳೆ. ಹತ್ತಿರದಲ್ಲಿರುವ ಮಾಜಿ ಸೈನಿಕರು ಯಾರಾದರೂ ರಾತ್ರಿ ಸುಲಿಯಲು ಬರುವುದಾದರೆ ಬನ್ನಿ, ಕಾಫಿ ಇದೆ. ಪ್ರಶ್ನೆ ಯಾರೂ ಕೇಳುವುದಿಲ್ಲ. ಹಣ್ಣಡಿಕೆಯನ್ನು ಬೇರೆ ಬುಟ್ಟಿಗೆ ಹಾಕದಿದ್ದರೆ ಮಾತ್ರ ಅತ್ತೆಯಿಂದ ಬೈಗುಳ ಗ್ಯಾರಂಟಿ.