ಮೇಲಿಂಗ್ ಲಿಸ್ಟ್: ವರ್ಷಗಳ ನಂತರ ಓದುವವರ ನೆನಪಿರಲಿ

ಮಾನ್ಯ ಸಂಪಾದಕರೇ,

ಕೆಲವು ತಿಂಗಳ ಹಿಂದೆ ಒಂದು ತಂತ್ರಾಂಶದ ತೊಡಕಿಗೆ ಪರಿಹಾರ ಹುಡುಕುತ್ತ, ಒಂದು ವಿಳಾಸಕ್ಕೆ ಬರೆದದ್ದು ಸದಸ್ಯರೆಲ್ಲರಿಗೂ ತಲುಪುವ ಮೇಲಿಂಗ್ ಲಿಸ್ಟ್ ಒಂದರ ಹಳೆಯ ಮೇಲ್‌ಗಳ ಕಡತಗಳನ್ನು ತಡರಾತ್ರಿಯವರೆಗೆ ತಡಕಾಡುತ್ತಿದ್ದೆ. ಹನ್ನೊಂದು ವರ್ಷಗಳ ಹಿಂದೆ ಯಾರೋ ನನ್ನದೇ ತೊಂದರೆಯನ್ನು, ಪರದೆಯ ಮೇಲೆ ಮೂಡಿದ ದೋಷಸಂದೇಶವನ್ನೂ ಬಿಡದೆ, ಅಲ್ಲಿ ವಿವರಿಸಿದ್ದರು. ಅದರ ಕೆಳಗೆ ಅವರದೇ ಇನ್ನೊಂದು ಮೇಲ್: ‘ಸರಿಹೋಯಿತು, ಧನ್ಯವಾದ’. ಹೇಗೆ ಸರಿಹೋಯಿತು ಎಂಬ ಸುಳಿವೇ ಇರಲಿಲ್ಲ. ಸಿಟ್ಟು ಬಂದದ್ದು ನಿಜ. ಅಂಥ ಒಂದು ಸಾಲಿನ ಮೇಲ್‌ಗಳನ್ನು ನಾನೂ ಬೇಕಾದಷ್ಟು ಕಳಿಸಿದ್ದೇನೆಂಬುದು ನೆನಪಾಗಿ ಸುಮ್ಮನಾದೆ.

ಇಂಟರ್‌ನೆಟ್ ಶಿಷ್ಟಾಚಾರದ ಬಗ್ಗೆ 1995ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಆರ್‌ಎಫ್‌ಸಿ 1855 ಎಂಬ ದಾಖಲೆ, ಲಿಸ್ಟಿಗೆ ಬರೆದ ಮಾತು ಬಹುಕಾಲ, ಬಹುಜನರ ಕೈಗೆ ಸಿಗುವಲ್ಲಿ ಉಳಿಯಬಹುದೆಂದು ಆಗಲೇ ಎಚ್ಚರಿಸಿತ್ತು. ಸೇರಿದವರು ಒಂದೆರಡು ತಿಂಗಳು ಬರೀ ಓದಿ, ಆಮೇಲೆ ಬರೆಯಲಿ ಎಂದೂ ಅದು ಹೇಳಿತ್ತು. ಎರಡು ತಿಂಗಳು ಕಾಯುವ ವ್ಯವಧಾನ ಈಗ ಯಾರಿಗೂ ಇರಲಿಕ್ಕಿಲ್ಲ. ಕೇಳುವ ಮುನ್ನ ಹಳೆಯ ಕಡತದಲ್ಲಿ ಹತ್ತು ನಿಮಿಷ ಹುಡುಕುವುದಂತೂ ಹೆಚ್ಚಿನ ನಿರೀಕ್ಷೆಯೇನಲ್ಲ.

ಹಾಗೆ ಹುಡುಕುವವರಿಗೆ ಎಡವುಗಲ್ಲಾಗುವ ಒಂದು ಅಭ್ಯಾಸವನ್ನು ಇಲ್ಲಿ ವಿವರವಾಗಿ ಹೇಳಬೇಕು. ಹೊಸ ವಿಷಯ ಎತ್ತುವಾಗ ಅನೇಕರು ಕೈಗೆ ಸಿಕ್ಕ ಯಾವುದೋ ಹಳೆಯ ಮೇಲ್‌ಗೆ ‘ರಿಪ್ಲೈ’ ಒತ್ತಿ, ಶೀರ್ಷಿಕೆ ಬದಲಿಸಿ, ಉಳಿದದ್ದನ್ನು ಅಳಿಸಿ ಬರೆಯುತ್ತಾರೆ. ಪ್ರತಿ ಮೇಲ್‌ಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ; ಉತ್ತರಿಸಿದಾಗ ಮೂಲ ಮೇಲ್‌ನ ಸಂಖ್ಯೆ ಹೊಸದರ ಹೆಡರ್ ಎಂಬ ಮರೆಯ ವಿವರಗಳೊಳಗೆ ಕಣ್ಣಿಗೆ ಕಾಣದಂತೆ ಸೇರಿಕೊಳ್ಳುತ್ತದೆ, ಮತ್ತು ಬಹುತೇಕ ಕಡತಗಳು ಚರ್ಚೆಗಳನ್ನು ಎಳೆ ಹಿಡಿದು ಜೋಡಿಸುವುದು ಆ ಸಂಖ್ಯೆಯ ಆಧಾರದಿಂದಲೇ. ಹೀಗಾಗಿ ಹೊಸ ಪ್ರಶ್ನೆ ಸಂಬಂಧವಿಲ್ಲದ ಚರ್ಚೆಯೊಂದರ ಹೊಟ್ಟೆಯೊಳಗೆ ಹೂತುಹೋಗುತ್ತದೆ. ಹೊಸ ಮೇಲ್ ತೆರೆದು ಬರೆಯಲು ಬೇಕಾದದ್ದು ಒಂದು ಕ್ಲಿಕ್ ಅಷ್ಟೇ.

‘ರಿಪ್ಲೈ ಆಲ್’ ರಗಳೆ ಎಲ್ಲರಿಗೂ ಗೊತ್ತಿರುವುದೇ. 1997ರಲ್ಲಿ ಮೈಕ್ರೋಸಾಫ್ಟ್‌ನೊಳಗೆ ಸಾವಿರಾರು ನೌಕರರಿದ್ದ ಪಟ್ಟಿಯೊಂದಕ್ಕೆ ‘ನನ್ನನ್ನು ತೆಗೆಯಿರಿ’, ‘ನನ್ನನ್ನೂ’ ಎಂಬ ಉತ್ತರಗಳು ಬರತೊಡಗಿ, ‘ಎಲ್ಲರಿಗೂ ಉತ್ತರಿಸಬೇಡಿ’ ಎಂದವರೂ ಎಲ್ಲರಿಗೇ ಉತ್ತರಿಸಿ, ಕಂಪನಿಯ ಮೇಲ್ ವ್ಯವಸ್ಥೆಯೇ ಕುಸಿದಿತ್ತು.

ಖಾಸಗಿತನದ ಮಾತು ಇದಕ್ಕಿಂತ ಗಂಭೀರವಾದದ್ದು. ಯಾರೋ ನಮಗೊಬ್ಬರಿಗೇ ಬರೆದ ಉತ್ತರವನ್ನು ಅವರನ್ನು ಕೇಳದೆ ಲಿಸ್ಟಿಗೆ ರವಾನಿಸುವುದು, ಮೇಲ್‌ನ ಕೊನೆಗೆ ತಾನಾಗಿ ಅಂಟುವ ಮೊಬೈಲ್ ಸಂಖ್ಯೆಯನ್ನು ಅಳಿಸದಿರುವುದು ಆ ಕ್ಷಣಕ್ಕೆ ಸಣ್ಣ ಮರೆವೆನಿಸುತ್ತದೆ. ನಿರ್ವಾಹಕರು ಮನಸ್ಸು ಮಾಡಿದರೆ ಕಡತದಿಂದ ಅದನ್ನು ತೆಗೆಯಬಹುದು; ಅಷ್ಟರಲ್ಲಿ ಸದಸ್ಯರೆಲ್ಲರ ಇನ್‌ಬಾಕ್ಸಿಗೆ ತಲುಪಿದ ಪ್ರತಿಗಳನ್ನು ವಾಪಸು ಪಡೆಯುವ ದಾರಿ ಅವರಿಗೂ ಇಲ್ಲ.

ನನ್ನ ತೊಡಕಿಗೆ ಕಾರಣ, ಸೆಟ್ಟಿಂಗ್ಸ್ ಫೈಲಿನ ಒಂದು ಸಾಲಿನ ಕೊನೆಗೆ ಉಳಿದುಬಿಟ್ಟಿದ್ದ ಒಂದೇ ಒಂದು ಖಾಲಿ ಜಾಗವೆಂದು ಮೂರನೆಯ ದಿನ ಗೊತ್ತಾಯಿತು. ಅದನ್ನು ಆ ಹನ್ನೊಂದು ವರ್ಷ ಹಳೆಯ ಮೇಲ್‌ಗೇ ಉತ್ತರವಾಗಿ, ಫೈಲಿನ ಹೆಸರು ಮತ್ತು ಸಾಲಿನ ಸಮೇತ ಬರೆದು ಕಳಿಸಿದ್ದೇನೆ.

– ಒಬ್ಬ ಓದುಗ